7,400 ಕಿಲೋಮೀಟರ್, ಒಂಬತ್ತೂವರೆ ಗಂಟೆ, ಮೂರು ದಿನ: ಒಂದು ಬಿಡಿಭಾಗ ಫ್ರಾಂಕ್‌ಫರ್ಟ್‌ನಿಂದ ಬಂದ ಬಗೆ

ಇದು 2024ರ ದೀಪಾವಳಿಗೆ ಮುಂಚಿನ ವಾರದ ಪ್ರಕರಣ. ನಾನು ಬೆಂಗಳೂರಿನಲ್ಲಿ ಸರಕು ಸಾಗಣೆಯ ಕೆಲಸ ಮಾಡುತ್ತೇನೆ. ಸಣ್ಣ ಕಾರ್ಖಾನೆಗಳ ಆಮದು ರಫ್ತು ನೋಡಿಕೊಳ್ಳುವುದೇ ಜಾಸ್ತಿ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಘಟಕದ ಹೆಸರು, ಯಂತ್ರದ ಕಂಪನಿ, ವಿಮಾನ ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ಬೆಲೆಗಳನ್ನು ತುಸು ಬದಲಿಸಿದ್ದೇನೆ, ಆದರೆ ತೀರ್ಮಾನಕ್ಕೆ ಕಾರಣವಾದ ಲೆಕ್ಕ ಕೆಡದ ಹಾಗೆ ನೋಡಿಕೊಂಡಿದ್ದೇನೆ.

ಹಿನ್ನೆಲೆ

ತುಮಕೂರು ಜಿಲ್ಲೆಯಲ್ಲಿ ಒಂದು ಕುರುಕಲು ತಿಂಡಿ ಮಾಡುವ ಘಟಕ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರ ಮಿಕ್ಸ್‌ಚರ್. ತಂದೆ ಶುರು ಮಾಡಿದ್ದು, ಈಗ ಮಗನೂ ಜೊತೆಗಿದ್ದಾನೆ. ಪ್ಯಾಕಿಂಗ್‌ಗೆ ಎರಡು ಯಂತ್ರ. ಒಂದು ಇಲ್ಲಿಯದೇ, ಚಿಕ್ಕದು. ಇನ್ನೊಂದು ಜರ್ಮನಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹಳೆಯದಾದರೂ ಗಟ್ಟಿ ಯಂತ್ರ, ಹಬ್ಬದ ಹೊರೆಯೆಲ್ಲ ಅದರ ಮೇಲೆ.

ಅಕ್ಟೋಬರ್ 24, ಗುರುವಾರ ಸಂಜೆ ಆರರ ಸುಮಾರಿಗೆ ಆ ದೊಡ್ಡ ಯಂತ್ರ ನಿಂತಿತು. ಪೌಚ್ ಎಳೆಯುವ ಮೋಟಾರಿನ ಸರ್ವೋ ಡ್ರೈವ್, ಅಂದರೆ ಆ ಮೋಟಾರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗ, ಸುಟ್ಟಿತ್ತು. ದೀಪಾವಳಿ ಅಕ್ಟೋಬರ್ 31ಕ್ಕೆ. ಬೆಂಗಳೂರು, ದಾವಣಗೆರೆ, ಶಿವಮೊಗ್ಗದ ಅಂಗಡಿಗಳಿಗೆ ಮಾಲು 28ರ ಸೋಮವಾರ ರಾತ್ರಿಯೊಳಗೆ ಹೊರಡಲೇಬೇಕು. ಆಮೇಲೆ ಹೋದ ಚಕ್ಕುಲಿಯನ್ನು ಯಾರೂ ಕೇಳುವುದಿಲ್ಲ.

ರಾತ್ರಿಯೇ ಡ್ರೈವ್ ಬಿಚ್ಚಿ ಪೀಣ್ಯದ ರಿಪೇರಿಯವರ ಹತ್ತಿರ ಒಯ್ದರು. ಅವರು ಮುಚ್ಚಳ ತೆಗೆದು ತೋರಿಸಿದರು: ಪವರ್ ಬೋರ್ಡಿನ ಒಂದು ಮೂಲೆ ಇದ್ದಿಲಾಗಿತ್ತು. ಮೂರು ನಾಲ್ಕು ದಿನ ಬೇಕು, ಗ್ಯಾರಂಟಿ ಕೊಡಲ್ಲ ಅಂದರು. ಆ ಮಾದರಿ ತಯಾರಾಗುವುದು ನಿಂತು ವರ್ಷಗಳಾಗಿವೆ. ಕೊನೆಗೆ ಮಗ ರಾತ್ರಿಯೆಲ್ಲ ಹುಡುಕಿ, ಯಂತ್ರ ಮಾರಿದ್ದ ಡೀಲರನ್ನೇ ಹಿಡಿದ. ಸ್ಟುಟ್‌ಗಾರ್ಟ್ ಪಕ್ಕದ ಅವನ ಗೋದಾಮಿನಲ್ಲಿ ಅದೇ ಡ್ರೈವ್ ಎರಡು ಉಳಿದಿದ್ದವು. ಬಳಸಿದ್ದಲ್ಲ, ಡಬ್ಬಿಯಲ್ಲೇ ಉಳಿದ ಹಳೆ ಸ್ಟಾಕ್. ಒಂದಕ್ಕೆ 1,650 ಯೂರೋ. ಬಳಸಿದ ಭಾಗವಾಗಿದ್ದರೆ ಇಲ್ಲಿ ಕಸ್ಟಮ್ಸ್‌ನಲ್ಲಿ ಬೇರೆಯದೇ ಪುರಾಣ ಇರುತ್ತಿತ್ತು, ಅದು ತಪ್ಪಿತು.

ಮಗನ ಲೆಕ್ಕ

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಫೋನ್ ಬಂತು. "ಸರ್, ಪಾರ್ಟ್ ಸಿಕ್ಕಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗ್ಳೂರಿಗೆ ಎಂಟು ಗಂಟೆ ನಲವತ್ಮೂರು ನಿಮಿಷ ಅಷ್ಟೇ. ಇವತ್ತು ರಾತ್ರಿ ಹತ್ತಿಸಿದ್ರೆ ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಇಲ್ಲಿರುತ್ತೆ, ಅಲ್ವಾ?"

ಆ ಎಂಟು ಗಂಟೆ ನಲವತ್ತಮೂರು ನಿಮಿಷ ಬಂದದ್ದು ವಿಮಾನ ದೂರ ಹೇಳುವ ಒಂದು ಕ್ಯಾಲ್ಕುಲೇಟರಿನಿಂದ. ಅದು ಸುಳ್ಳು ಹೇಳಿರಲಿಲ್ಲ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು, ಭೂಮಿಯ ಗುಂಡಗಿನ ಮೈಮೇಲೆ ಅತಿ ಹತ್ತಿರದ ದಾರಿ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಅದು ಸುಮಾರು 7,400 ಕಿಲೋಮೀಟರ್. ಗಂಟೆಗೆ 900ರಂತೆ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಅವನು ಹೇಳಿದ ಉತ್ತರವೇ ಬರುತ್ತದೆ. ಇನ್ನೊಂದು ಕಡೆ ಅವನಿಗೆ 4,600 ಅಂತ ಕಂಡಿತ್ತು, ಮತ್ತೊಂದು ಕಡೆ 4,000. ಒಂದು ಸಾದಾ ಮೈಲಿ, ಇನ್ನೊಂದು ವಿಮಾನದವರು ಬಳಸುವ ನಾಟಿಕಲ್ ಮೈಲಿ. ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಮೂರೂ ಒಂದೇ ದೂರ.

ತೊಂದರೆ ಇದ್ದದ್ದು ಆ ಸಂಖ್ಯೆ ಹೇಳದೇ ಬಿಟ್ಟ ವಿಷಯಗಳಲ್ಲಿ. ಫೋನಿನಲ್ಲಿ ನಾವು ಅದನ್ನೇ ಒಂದೊಂದಾಗಿ ಬಿಡಿಸಿಕೊಂಡೆವು.

ಮೊದಲನೆಯದು ಗಾಳಿ. ಆ ಎತ್ತರದಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ. ಹಾಗಾಗಿ ಯುರೋಪಿನಿಂದ ಇಲ್ಲಿಗೆ ಬರುವ ವಿಮಾನ ಬೇಗ ಬರುತ್ತದೆ, ಇಲ್ಲಿಂದ ಹೋಗುವುದು ಒಂದು ಗಂಟೆ ಅಥವಾ ಅದಕ್ಕೂ ಜಾಸ್ತಿ ತಡ. ಕ್ಯಾಲ್ಕುಲೇಟರಿಗೆ ಹೋಗುವುದೂ ಒಂದೇ, ಬರುವುದೂ ಒಂದೇ. ನಮ್ಮ ಸರಕು ಪೂರ್ವಕ್ಕೆ ಬರುವುದರಿಂದ ಇದು ನಮಗೆ ಅನುಕೂಲದ ಬಾಬ್ತು.

ಎರಡನೆಯದು ದಾರಿ. 7,400 ಕಿಲೋಮೀಟರಿನ ಆ ನೇರ ಗೆರೆಯನ್ನು ನಕಾಶೆಯಲ್ಲಿ ಎಳೆದು ನೋಡಿದರೆ ಅದು ಯುಕ್ರೇನಿನ ದಕ್ಷಿಣ ಅಂಚು, ಕಪ್ಪು ಸಮುದ್ರ ದಾಟಿ, ಟೆಹರಾನ್ ಹತ್ತಿರ ಇರಾನನ್ನು ಸೀಳಿ, ಪಾಕಿಸ್ತಾನದ ನೈಋತ್ಯ ಮೂಲೆ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಯುಕ್ರೇನಿನ ಆಕಾಶ 2022ರ ಫೆಬ್ರುವರಿ 24ರಿಂದ ಮುಚ್ಚಿದೆ. ಇರಾನ್ ಅಕ್ಟೋಬರ್ 1ರಂದು ಇಸ್ರೇಲ್ ಮೇಲೆ ಕ್ಷಿಪಣಿ ಬಿಟ್ಟ ಮೇಲೆ ಯುರೋಪಿನ ಹಲವು ವಿಮಾನಗಳು ಇರಾನನ್ನೂ ತಪ್ಪಿಸಿ ಹಾರುತ್ತಿದ್ದವು. ಒಂದೋ ಕ್ಯಾಸ್ಪಿಯನ್ ದಾಟಿ ಮಧ್ಯ ಏಷ್ಯಾದ ಕಡೆಯಿಂದ ಸುತ್ತಬೇಕು, ಇಲ್ಲವೇ ಈಜಿಪ್ಟ್, ಸೌದಿ ಅರೇಬಿಯಾ ಮೇಲಿಂದ. ಎರಡರಲ್ಲೂ ದಾರಿ ಉದ್ದವಾಗುತ್ತದೆ. ಕ್ಯಾಲ್ಕುಲೇಟರ್ ತೋರಿಸಿದ ಗೆರೆಯ ಮೇಲೆ ಆ ವಾರ ಹಾರುವ ಹಾಗೇ ಇರಲಿಲ್ಲ.

ಇವೆರಡೂ ಸೇರಿದರೂ ವ್ಯತ್ಯಾಸ ಒಂದು ಗಂಟೆಯ ಆಚೀಚೆ. ಅದರಿಂದ ಹಬ್ಬ ಕೆಡುವುದಿಲ್ಲ. ಕೆಡಿಸುವುದು ಮೂರನೆಯದು: ವಿಮಾನ ಹೊರಡುವುದು ಯಾವಾಗ? ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನಾವು ನೆಚ್ಚಿಕೊಂಡಿದ್ದ ನೇರ ವಿಮಾನ ಅಲ್ಲಿಯ ಮಧ್ಯಾಹ್ನ ಹೊರಟು ಇಲ್ಲಿ ನಡುರಾತ್ರಿ ದಾಟಿ ಇಳಿಯುವಂಥದ್ದು. ನಮ್ಮ ಹನ್ನೊಂದು ಗಂಟೆ ಅಂದರೆ ಜರ್ಮನಿಯಲ್ಲಿ ಬೆಳಿಗ್ಗೆ ಏಳೂವರೆ. ಡೀಲರ್ ಬಾಗಿಲು ತೆಗೆಯುವುದೇ ಎಂಟಕ್ಕೆ. ಅಲ್ಲಿಂದ ಫ್ರಾಂಕ್‌ಫರ್ಟ್ ರಸ್ತೆಯಲ್ಲಿ 200 ಕಿಲೋಮೀಟರ್. ಸರಕನ್ನು ವಿಮಾನ ಹೊರಡುವ ಹಲವು ಗಂಟೆ ಮೊದಲೇ ಒಪ್ಪಿಸಬೇಕು. ಅಂದರೆ ಶುಕ್ರವಾರದ ವಿಮಾನ ನಾವು ಮಾತಾಡುತ್ತಿದ್ದಾಗಲೇ ಕೈಬಿಟ್ಟು ಹೋಗಿತ್ತು. ಮುಂದಿನದು ಶನಿವಾರ ಮಧ್ಯಾಹ್ನ. ಅದು ಇಲ್ಲಿ ಇಳಿಯುವುದು ಭಾನುವಾರ ನಸುಕಿಗೆ.

ಇಷ್ಟು ಹೊತ್ತಿಗೆ ಮಗ ಅಂಗಡಿಯವರ ವಾಟ್ಸ್ಆ್ಯಪ್ ಗುಂಪಿಗೆ "ಶನಿವಾರ ಸಂಜೆಯಿಂದ ಪ್ಯಾಕಿಂಗ್ ಶುರು" ಅಂತ ಸಂದೇಶ ಹಾಕಿಯಾಗಿತ್ತು.

ದೂರ ಜಾಸ್ತಿ, ತಲುಪುವುದು ಮೊದಲು

ಅವನು ಸುಮ್ಮನಿರುವವನಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಯೋಜನೆ ತಂದ. ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿರುವ, ಅವರಿಗೆ ಬೇಕಾದವರ ಮನೆಯ ಹುಡುಗನೊಬ್ಬ ಇದ್ದಾನೆ. ಅವನು ಡ್ರೈವ್ ತೆಗೆದುಕೊಂಡು ಶುಕ್ರವಾರ ರಾತ್ರಿಯೇ ದುಬೈ ಮೇಲೆ ಬಂದುಬಿಟ್ಟರೆ?

ಇದು ಚೆನ್ನಾಗಿ ಯೋಚಿಸಿದ ಯೋಜನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫ್ರಾಂಕ್‌ಫರ್ಟ್‌ನಿಂದ ದುಬೈಗೆ ಸುಮಾರು 4,840 ಕಿಲೋಮೀಟರ್. ದುಬೈಯಿಂದ ಬೆಂಗಳೂರಿಗೆ 2,700. ಒಟ್ಟು 7,540. ನೇರ ದಾರಿಗಿಂತ ಹೆಚ್ಚುವರಿ ಬರೀ 140 ಕಿಲೋಮೀಟರ್, ಯಾಕೆಂದರೆ ದುಬೈ ಆ ಗೆರೆಯಿಂದ ಹೆಚ್ಚೇನೂ ಆಚೆ ಇಲ್ಲ. ದೆಹಲಿ ಮೇಲೆ ಬಂದರೆ 6,120 ಮತ್ತು 1,710, ಒಟ್ಟು 7,830. ಆದರೆ ಪ್ರಯಾಣಿಕ ದೆಹಲಿಯಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಬ್ಯಾಗು ಮತ್ತೆ ಒಪ್ಪಿಸಿ ದೇಶದೊಳಗಿನ ವಿಮಾನ ಹಿಡಿಯಬೇಕು. ಅದನ್ನು ಬಿಟ್ಟೆವು.

ದುಬೈ ದಾರಿಯಲ್ಲಿ ರಾತ್ರಿ ಹತ್ತಕ್ಕೆ ಹೊರಟರೆ ಆರು ಗಂಟೆ ಹಾರಾಟ, ಅಲ್ಲಿ ಮೂರು ನಾಲ್ಕು ಗಂಟೆ ಕಾಯುವುದು, ಮತ್ತೆ ನಾಲ್ಕು ಗಂಟೆ. ಒಟ್ಟು ಪ್ರಯಾಣ ಹದಿಮೂರು ಹದಿನಾಲ್ಕು ಗಂಟೆ. ನೇರ ವಿಮಾನಕ್ಕಿಂತ ಐದು ಗಂಟೆ ಜಾಸ್ತಿ. ಆದರೂ ಅದು ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಬೆಂಗಳೂರು ಸೇರುತ್ತದೆ. ನೇರ ವಿಮಾನ ವೇಳಾಪಟ್ಟಿಯಂತೆ ಬಂದರೂ ಅದಕ್ಕಿಂತ ಹತ್ತು ಗಂಟೆ ಹಿಂದೆ. ದೂರವೂ ಜಾಸ್ತಿ, ಪ್ರಯಾಣದ ಹೊತ್ತೂ ಜಾಸ್ತಿ, ಆದ್ರೆ ತಲುಪುವುದು ಮೊದಲು. "ಎಷ್ಟು ಗಂಟೆ ಪ್ರಯಾಣ" ಅನ್ನುವ ಪ್ರಶ್ನೆಯನ್ನೇ ನೆಚ್ಚಿಕೊಂಡಿದ್ದರೆ ಈ ದಾರಿ ಅವನಿಗೆ ಕಾಣಿಸುತ್ತಲೇ ಇರಲಿಲ್ಲ. "ಮುಂದಿನ ವಿಮಾನ ಯಾವುದು" ಅಂತ ಕೇಳಿಕೊಂಡಿದ್ದಕ್ಕೆ ಕಂಡಿತು.

ಆದರೂ ನಾನು ಬೇಡ ಅಂದೆ. ಕಾರಣ ವಿಮಾನದ್ದಲ್ಲ, ಕಸ್ಟಮ್ಸ್‌ದು. ಕಾರ್ಖಾನೆಯ ಬಿಡಿಭಾಗ ಪ್ರಯಾಣಿಕನ ಬ್ಯಾಗೇಜ್ ಅಲ್ಲ, ಅದು ವ್ಯಾಪಾರದ ಸರಕು. ಹುಡುಗ ಅದನ್ನು ಸುಂಕದ ಸಾಮಾನು ಇರುವವರ ರೆಡ್ ಚಾನೆಲ್‌ನಲ್ಲಿ ಹೇಳಲೇಬೇಕು. ಹೇಳಿದರೆ ಅಧಿಕಾರಿ ಅದನ್ನು ತಡೆದು, ರಸೀದಿ ಕೊಟ್ಟು, ಕಾರ್ಗೋ ಕಡೆಯಿಂದ ಬಿಲ್ ಆಫ್ ಎಂಟ್ರಿ (ಆಮದು ಘೋಷಣೆ) ಹಾಕಿ ಬಿಡಿಸಿಕೊಳ್ಳಿ ಅನ್ನಬಹುದು. ಶನಿವಾರ ಸಂಜೆ ಆ ಓಡಾಟ ಶುರುವಾದರೆ ಯಾವಾಗ ಮುಗಿಯುತ್ತೆ ಅಂತ ನಾನಂತೂ ಮಾತು ಕೊಡಲಾರೆ. ಹೇಳದೆ, ಅಂಥದ್ದೇನೂ ಇಲ್ಲದವರ ಗ್ರೀನ್ ಚಾನೆಲ್‌ನಲ್ಲಿ ನಡೆದುಬಿಟ್ಟರೆ ಆಯ್ತಲ್ಲ ಅಂತ ಒಂದು ದನಿ ಕೇಳಿಸಿತು. ಓದುವ ಹುಡುಗನ ಪಾಸ್‌ಪೋರ್ಟಿನ ಜೊತೆ ಆಡುವ ಆಟವಲ್ಲ ಅದು. ಆ ಮಾತು ಅಲ್ಲಿಗೇ ನಿಂತಿತು.

ಆಗ ಫೋನು ತಂದೆಯ ಕೈಗೆ ಹೋಯಿತು. "ಸ್ವಾಮೀ, ಸುತ್ತು ಬೇಡ. ಖಂಡಿತಾ ಬರೋ ದಾರಿ ಯಾವುದು ಅದನ್ನ ಹೇಳಿ. ತಡವಾದ್ರೆ ತಡ, ಆದ್ರೆ ಇಷ್ಟೊತ್ತಿಗೆ ಅಂತ ಗೊತ್ತಾಗ್ಬೇಕು." ಖಂಡಿತಾ ಅನ್ನುವ ಮಾತು ನಮ್ಮ ಕಸುಬಿನಲ್ಲಿ ಇಲ್ಲ ಅಂದೆ. ಇದ್ದುದರಲ್ಲಿ ಗಟ್ಟಿ ಅಂದರೆ ಶನಿವಾರದ ನೇರ ವಿಮಾನದ ಹೊಟ್ಟೆಯಲ್ಲಿ ಕಾರ್ಗೋ ಆಗಿ ಹಾಕುವುದು, ಸರಕು ಬರುವ ಮೊದಲೇ ಇಲ್ಲಿ ಬಿಲ್ ಆಫ್ ಎಂಟ್ರಿ ಸಲ್ಲಿಸಿ ಸುಂಕ ಕಟ್ಟಿಟ್ಟುಕೊಳ್ಳುವುದು. ನಮ್ಮ ಕಸ್ಟಮ್ಸ್ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಬೆಂಗಳೂರಿನ ಕಾರ್ಗೋ ಸಂಕೀರ್ಣದಲ್ಲಿ ಕಸ್ಟಮ್ಸ್ ಹಗಲು ರಾತ್ರಿ, ಭಾನುವಾರವೂ ಕೆಲಸ ಮಾಡುತ್ತದೆ. ಯಂತ್ರ ತರಿಸಿದ್ದ ಕಾಲದ, ಆಮದು ಮಾಡಲು ಬೇಕಾದ ನೋಂದಣಿ ಸಂಖ್ಯೆ ಅವರ ಹತ್ತಿರ ಇತ್ತು. ಅದಿಲ್ಲದಿದ್ದರೆ ಈ ಪ್ರಕರಣ ಇಲ್ಲಿಗೇ ಮುಗಿಯುತ್ತಿತ್ತು.

ಫೋನ್ ಇಡುವ ಮುಂಚೆ ಅವರು ಮಗನಿಗೆ ಹೇಳಿದ್ದು ನನಗೂ ಕೇಳಿಸಿತು: "ಪ್ಲೇನು ಬಂದಾಗ ಬರ್ಲಿ. ನೀನು ಅಂಗಡಿಯೋರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಸೋಮವಾರ ಅನ್ನು. ಇವತ್ತಿಂದಾನೇ ಕೈಲಿ ಪ್ಯಾಕಿಂಗ್ ಶುರು ಮಾಡ್ಸು." ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ತೀರ್ಮಾನ ಇದೇ ಅಂತ ನನ್ನ ಅನಿಸಿಕೆ. ಊರಿನ ಸ್ವಸಹಾಯ ಸಂಘದ ಹೆಂಗಸರು ಮಧ್ಯಾಹ್ನವೇ ಬಂದರು. ಕೈ ಸೀಲರ್ ಹಿಡಿದು ಅರ್ಧ ಕೆಜಿ, ಕಾಲು ಕೆಜಿ ಪ್ಯಾಕೆಟ್ ಕಟ್ಟಲು ಕೂತರು.

ಒಂದೋ ಎರಡೋ

ಎರಡೂ ಡ್ರೈವ್ ತರಿಸಿಬಿಡೋಣ, ಒಂದು ಸ್ಪೇರ್ ಇರಲಿ ಅಂತ ಮಗನ ಆಸೆ. ನ್ಯಾಯವಾದದ್ದೇ. ಆದರೆ ಯುರೋಪ್ ಒಕ್ಕೂಟದಿಂದ ಹೊರಗೆ ಹೋಗುವ ಸರಕಿಗೆ ಜರ್ಮನಿಯಲ್ಲಿ ಒಂದು ಲೆಕ್ಕ ಇದೆ. 1,000 ಯೂರೋ ದಾಟಿದರೆ ಎಲೆಕ್ಟ್ರಾನಿಕ್ ರಫ್ತು ಘೋಷಣೆ ಬೇಕು. 3,000 ಯೂರೋವರೆಗೆ ಅದನ್ನು ನೇರವಾಗಿ ಹೊರಗೆ ಹೋಗುವ ಜಾಗದ ಕಸ್ಟಮ್ಸ್‌ನಲ್ಲೇ, ಅಂದರೆ ವಿಮಾನ ನಿಲ್ದಾಣದಲ್ಲೇ ಮುಗಿಸಬಹುದು. 3,000 ದಾಟಿದರೆ ಮೊದಲು ಮಾರಾಟಗಾರನ ಊರಿನ ಕಸ್ಟಮ್ಸ್ ಕಚೇರಿ, ಆಮೇಲೆ ವಿಮಾನ ನಿಲ್ದಾಣ.

ಒಂದು ಡ್ರೈವ್ 1,650. ಎರಡು ಅಂದರೆ 3,300. ಶುಕ್ರವಾರ ಮಧ್ಯಾಹ್ನ ಆ ಒಳನಾಡಿನ ಕಚೇರಿಯ ಕೆಲಸ ಮುಗಿಯದಿದ್ದರೆ ಸೋಮವಾರದ ತನಕ ಪೆಟ್ಟಿಗೆ ಅಲ್ಲೇ. ಒಂದೇ ತರಿಸಿದೆವು. 7,400 ಕಿಲೋಮೀಟರಿನ ದಾರಿಯಲ್ಲಿ ನಮ್ಮನ್ನು ಮೂರು ದಿನ ಹಿಂದಕ್ಕೆ ತಳ್ಳಬಹುದಾಗಿದ್ದದ್ದು ಆ 300 ಯೂರೋ. ಯಾವ ದೂರದ ಲೆಕ್ಕದಲ್ಲೂ ಅದು ಕಾಣುವುದಿಲ್ಲ.

ಡೀಲರ್, ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಟ್ಟ ಸ್ವಿಫ್ಟ್ ಪ್ರತಿ ನೋಡಿ ಪೆಟ್ಟಿಗೆ ಕೊಟ್ಟ. ಸ್ಟುಟ್‌ಗಾರ್ಟ್‌ನ ಹುಡುಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ವೇಗದ ರೈಲಿನಲ್ಲಿ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಬಂದ. ಒಂಬತ್ತು ಕೆಜಿ, ಮರದ ಪೆಟ್ಟಿಗೆಯಲ್ಲ, ದಪ್ಪ ರಟ್ಟಿನದು. ಒಳಗೆ ಸುತ್ತ ಚೂರು ಚೂರು ಫೋಮ್. ರೈಲಿನಿಂದ ಇಳಿದು, "ಸರ್, ಬಂದೆ, ಎಲ್ಲಿ ಕೊಡ್ಲಿ?" ಅಂತ ನನಗೆ ಸಂದೇಶ ಹಾಕಿದ. ಅವನು ನಿಂತಿದ್ದದ್ದು ಟರ್ಮಿನಲ್ ಪಕ್ಕದ ರೈಲು ನಿಲ್ದಾಣದಲ್ಲಿ, ಉತ್ತರಕ್ಕೆ. ನಮ್ಮ ಏಜೆಂಟರ ಕೌಂಟರ್ ಇದ್ದದ್ದು ದಕ್ಷಿಣದ ಕಾರ್ಗೋಸಿಟಿ ಸ್ಯೂಡ್‌ನಲ್ಲಿ. ನಡುವೆ ರನ್‌ವೇಗಳು. ಒಂದೇ ವಿಮಾನ ನಿಲ್ದಾಣ, ಆದರೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಹೋಗುವ ಮಾತೇ ಇಲ್ಲ. ಏಜೆಂಟರು ಏಳೂವರೆಗೆ ಬಾಗಿಲು ಹಾಕುತ್ತಾರೆ. ಬಸ್ಸಿಗೆ ಕಾಯದೆ ಟ್ಯಾಕ್ಸಿ ಹಿಡಿಯಪ್ಪಾ ಅಂದೆ. ಏಳು ಹತ್ತಕ್ಕೆ ಪೆಟ್ಟಿಗೆ ಕೌಂಟರ್ ಮೇಲಿತ್ತು.

ಡೀಲರ್ ಚಿಕ್ಕವನು, ಮೊದಲೇ ಭದ್ರತಾ ಪರಿಶೀಲನೆ ಪಡೆದ ಸಾಗಣೆದಾರರ ಪಟ್ಟಿಯಲ್ಲಿಲ್ಲ. ಅಂಥವರ ಸರಕನ್ನು ಎಕ್ಸ್‌ರೇ ಮಾಡದೆ ವಿಮಾನಕ್ಕೆ ಹತ್ತಿಸುವುದಿಲ್ಲ. ಅದು ರಾತ್ರಿಯೇ ಮುಗಿಯಿತು. ರಫ್ತು ಘೋಷಣೆ ಶನಿವಾರ ಬೆಳಿಗ್ಗೆ. ಏರ್‌ವೇ ಬಿಲ್ (ವಿಮಾನ ಸರಕಿನ ರಸೀದಿ) ಸಂಖ್ಯೆ ಕೈಗೆ ಸಿಕ್ಕ ಕೂಡಲೇ ಇಲ್ಲಿ ನಮ್ಮ ಕಸ್ಟಮ್ಸ್ ಏಜೆಂಟರಾದ ಸಿಎಚ್‌ಎ ಬಿಲ್ ಆಫ್ ಎಂಟ್ರಿ ಹಾಕಿದರು.

ಶನಿವಾರ, ಭಾನುವಾರ

ಶನಿವಾರ ನಸುಕಿನಲ್ಲಿ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿತು. ಇರಾನ್, ಇರಾಕ್ ಎರಡೂ ವಿಮಾನ ಸಂಚಾರ ನಿಲ್ಲಿಸಿದವು. ಇರಾನ್ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮತ್ತೆ ತೆರೆಯಿತು. ಗಲ್ಫ್ ಕಡೆ ಹೊರಟಿದ್ದ ಕೆಲವು ವಿಮಾನಗಳು ನಡುದಾರಿಯಲ್ಲೇ ಬೇರೆ ಕಡೆ ತಿರುಗಿದವು. ನಾವು ಕೈಬಿಟ್ಟಿದ್ದ ದುಬೈ ಯೋಜನೆಯಲ್ಲಿ ಹುಡುಗ ಸರಿಯಾಗಿ ಅದೇ ಹೊತ್ತಿಗೆ ಆ ಆಕಾಶದ ಹತ್ತಿರ ಇರುತ್ತಿದ್ದ.

ಮಗ ಬೆಳಿಗ್ಗೆ ಫೋನ್ ಮಾಡಿ, "ಸರ್, ನಿಮಗೆ ಮೊದಲೇ ಗೊತ್ತಿತ್ತಾ?" ಅಂದ. ಗೊತ್ತಿರಲಿಲ್ಲ. ದುಬೈ ಬಿಟ್ಟದ್ದು ಕಸ್ಟಮ್ಸ್ ಕಾರಣಕ್ಕೆ. ಪ್ರಕರಣ ಬರೆಯುವಾಗ ಇಂಥದ್ದನ್ನು ಜಾಣತನದ ಖಾತೆಗೆ ಹಾಕಿಕೊಳ್ಳುವ ಚಪಲ ಬರುತ್ತದೆ. ಹಾಕಬಾರದು. ಆ ರಾತ್ರಿ ದಾಳಿ ಆಗದಿದ್ದರೂ ನಮ್ಮ ತೀರ್ಮಾನ ಸರಿಯೇ, ಕಸ್ಟಮ್ಸ್ ವಿಷಯ ಇಲ್ಲದಿದ್ದರೆ ದುಬೈ ದಾರಿಯೇ ಸರಿ.

ನೇರ ವಿಮಾನ ಶನಿವಾರ ಅಲ್ಲಿಯ ಮಧ್ಯಾಹ್ನ ಒಂದರ ಸುಮಾರಿಗೆ ಹೊರಟಿತು. ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕೂವರೆ. ಇರಾನನ್ನು ಪೂರ್ತಿ ಬಿಟ್ಟು ಸುತ್ತಿ ಬಂತು. ಒಂಬತ್ತೂವರೆ ಗಂಟೆ ಹಿಡಿಯಿತು. ಭಾನುವಾರ ಬೆಳಗಿನ ಜಾವ ಎರಡಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕ್ಯಾಲ್ಕುಲೇಟರ್ ಹೇಳಿದ್ದಕ್ಕಿಂತ ಮುಕ್ಕಾಲು ಗಂಟೆ ಜಾಸ್ತಿ, ಅಷ್ಟೇ. ಅಂಥ ದಿನದಲ್ಲೂ ಇಡೀ ಸರಪಳಿಯಲ್ಲಿ ಊಹೆಗೆ ಅತಿ ಹತ್ತಿರ ಬಂದದ್ದು ಹಾರಾಟದ ಹೊತ್ತೇ.

ಮಗ ಟಾಟಾ ಏಸ್ ತಗೊಂಡು ಒಂದೂವರೆಗೇ ಕಾರ್ಗೋ ಗೇಟಿಗೆ ಬಂದು ನಿಂತಿದ್ದ. ಬೇಡ, ಬೆಳಿಗ್ಗೆ ಎಂಟಕ್ಕೆ ಬಾ ಅಂದಿದ್ದೆ. ಫೋನಿನ ಆ್ಯಪ್ "ಇಳಿದಿದೆ" ಅಂತ ತೋರಿಸಿದ್ದೇ ಅವನಿಗೆ ಪೆಟ್ಟಿಗೆ ಈಗಲೇ ಕೈಗೆ ಬರುತ್ತೆ ಅನಿಸಿತ್ತು. ಪ್ರಯಾಣಿಕರಿಗೆ ಇಳಿಯುವುದು ಅಂದರೆ ಮುಕ್ಕಾಲು ಭಾಗ ಮುಗಿದ ಹಾಗೆ. ಸರಕಿಗೆ ಹಾಗಲ್ಲ. ಕಂಟೇನರ್ ಇಳಿಸಬೇಕು, ಗೋದಾಮಿಗೆ ತರಬೇಕು, ಬಿಚ್ಚಬೇಕು, ಒಂದೊಂದೂ ಪೆಟ್ಟಿಗೆಯನ್ನು ಪಟ್ಟಿಯ ಜೊತೆ ತಾಳೆ ನೋಡಬೇಕು. ನಮ್ಮ ಪೆಟ್ಟಿಗೆ ಗೋದಾಮಿನ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡದ್ದು ಏಳಕ್ಕೆ. ಸುಂಕ ಮೊದಲೇ ಕಟ್ಟಿದ್ದರಿಂದ, ಪೆಟ್ಟಿಗೆ ತೆರೆದು ನೋಡುವ ಸರದಿಯೂ ಬೀಳದೆ ಇದ್ದುದರಿಂದ ಔಟ್ ಆಫ್ ಚಾರ್ಜ್, ಅಂದರೆ ಸರಕು ಒಯ್ಯಲು ಕಸ್ಟಮ್ಸ್ ಅನುಮತಿ, ಒಂಬತ್ತೂವರೆಗೆ ಸಿಕ್ಕಿತು. ಗೇಟ್ ಪಾಸ್ ಹತ್ತು ಕಾಲಿಗೆ.

ಅಲ್ಲಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರು ದಾರಿ, ಎಂಬತ್ತು ಚಿಲ್ಲರೆ ಕಿಲೋಮೀಟರ್. ಭಾನುವಾರವಾದ್ದರಿಂದ ರಸ್ತೆ ಖಾಲಿ. ಹನ್ನೆರಡೂವರೆಗೆ ಘಟಕದಲ್ಲಿದ್ದರು. ಒಂದು ಗಂಟೆಯೊಳಗೆ ಡ್ರೈವ್ ಕೂರಿಸಿಯೂ ಆಯಿತು.

ಇನ್ನೇನು ಆಯಿತು ಅನ್ನುವಾಗ ಗಡಿಯಾರ ಕೈಕೊಟ್ಟಿತು. ಹೊಸ ಡ್ರೈವ್‌ಗೆ ಪ್ಯಾರಾಮೀಟರ್, ಅಂದರೆ ಯಂತ್ರಕ್ಕೆ ಹೊಂದುವ ಸೆಟ್ಟಿಂಗ್, ತುಂಬಬೇಕು. ಅದನ್ನು ಬಲ್ಲವರು ಡೀಲರಿನ ಹಳೆಯ ಎಂಜಿನಿಯರ್ ಒಬ್ಬರು, ನಿವೃತ್ತರು. ಭಾನುವಾರ ಅಲ್ಲಿಯ ಬೆಳಿಗ್ಗೆ ಹತ್ತೂವರೆಗೆ ವಿಡಿಯೋ ಕರೆಗೆ ಬರುತ್ತೇನೆ ಅಂದಿದ್ದರು. ಮಗ ಮೂರೂವರೆ ಗಂಟೆ ಕೂಡಿಸಿ ಮಧ್ಯಾಹ್ನ ಎರಡು ಅಂತ ಗೋಡೆಯ ಮೇಲೆ ಬರೆದಿಟ್ಟಿದ್ದ. ಎರಡಕ್ಕೆ ಕರೆ ಮಾಡಿದರೆ ಎತ್ತಲಿಲ್ಲ. ಎರಡೂ ಕಾಲು, ಎರಡೂವರೆ. ಇಲ್ಲ. ತಂದೆ, ಎಲೆಕ್ಟ್ರಿಷಿಯನ್, ಪ್ಯಾಕಿಂಗ್ ಹೆಂಗಸರು ಎಲ್ಲ ಯಂತ್ರದ ಸುತ್ತ ನಿಂತಿದ್ದಾರೆ.

ಅಕ್ಟೋಬರ್ 27 ಆ ತಿಂಗಳ ಕೊನೆಯ ಭಾನುವಾರ. ಯುರೋಪಿನಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ದಿನ. ಶನಿವಾರದ ತನಕ ನಮಗೂ ಜರ್ಮನಿಗೂ ಮೂರೂವರೆ ಗಂಟೆಯ ಅಂತರ, ಭಾನುವಾರದಿಂದ ನಾಲ್ಕೂವರೆ. ಅಲ್ಲಿಯ ಹತ್ತೂವರೆ ಅಂದರೆ ಇಲ್ಲಿ ಮೂರು. ಮೂರಕ್ಕೆ ಸರಿಯಾಗಿ ಆ ಹಿರಿಯರೇ ಕರೆ ಮಾಡಿದರು, ಕೈಯಲ್ಲಿ ಕಾಫಿ ಕಪ್ಪು ಹಿಡಿದುಕೊಂಡು.

ಇಲ್ಲಿ ನಷ್ಟವಾದದ್ದು ಒಂದು ಗಂಟೆ. ಆದರೆ ಪೆಟ್ಟಿಗೆ ಶನಿವಾರದ ವಿಮಾನ ತಪ್ಪಿಸಿಕೊಂಡು ಭಾನುವಾರದ್ದಕ್ಕೆ ಬಿದ್ದಿದ್ದರೆ ಇದೇ ಗಂಟೆ ಬೇರೆ ರೀತಿ ಕಾಡುತ್ತಿತ್ತು. ವಿಮಾನ ಸಂಸ್ಥೆಗಳ ಚಳಿಗಾಲದ ವೇಳಾಪಟ್ಟಿ ಶುರುವಾಗುವುದೂ ಅದೇ ಭಾನುವಾರ. ಅಲ್ಲಿಯ ಮಧ್ಯಾಹ್ನ ಒಂದಕ್ಕೇ ಹೊರಟರೂ ನಮಗೆ ಅದು ಸಂಜೆ ಐದೂವರೆ. ಇಳಿಯುವಾಗ ಸೋಮವಾರ ಮೂರು. ಕಾರ್ಗೋ ಗೇಟ್ ದಾಟುವಾಗ ಹನ್ನೊಂದು ಮೀರುತ್ತಿತ್ತು. ಸೋಮವಾರ ರಾತ್ರಿಯ ಲಾರಿಗೆ ಏನೂ ಉಳಿಯುತ್ತಿರಲಿಲ್ಲ.

ಕೊನೆಗೆ ಏನಾಯಿತು

ಭಾನುವಾರ ಸಂಜೆ ಆರಕ್ಕೆ ಯಂತ್ರ ಓಡಿತು. ನಿಂತು ಸರಿಯಾಗಿ ಮೂರು ದಿನ. ಆ 72 ಗಂಟೆಯಲ್ಲಿ ಪೆಟ್ಟಿಗೆ ವಿಮಾನದಲ್ಲಿ ಇದ್ದದ್ದು ಒಂಬತ್ತೂವರೆ ಗಂಟೆ. ಉಳಿದದ್ದೆಲ್ಲ ನೆಲದ ಮೇಲೆ: ಹುಡುಕುವುದು, ಮುಂದಿನ ವಿಮಾನಕ್ಕೆ ಕಾಯುವುದು, ಕಾಗದ, ಗೋದಾಮು, ರಸ್ತೆ, ಕರೆ.

ರಾತ್ರಿ ಹಗಲು ಓಡಿಸಿ ಸೋಮವಾರ ರಾತ್ರಿ ಹತ್ತಕ್ಕೆ ಬೆಂಗಳೂರು, ದಾವಣಗೆರೆಯ ಮಾಲು ಪೂರ್ತಿ ಹೋಯಿತು. ಶಿವಮೊಗ್ಗದ ಲಾರಿ ಅರ್ಧ ಮಾತ್ರ ತುಂಬಿತು, ಅಲ್ಲಿಯ ಇಬ್ಬರು ಅಂಗಡಿಯವರು ಬೇರೆ ಕಡೆ ಖರೀದಿ ಮಾಡಿದರು. ಆ ಲಾರಿಯಲ್ಲಿ ಹೋದ ಅರ್ಧ ಮಾಲಿನಲ್ಲೂ ಹೆಚ್ಚಿನದು ಕೈಯಲ್ಲಿ ಕಟ್ಟಿದ ಪ್ಯಾಕೆಟ್. ಶುಕ್ರವಾರ ಮಧ್ಯಾಹ್ನ ಕೈ ಪ್ಯಾಕಿಂಗ್ ಶುರು ಮಾಡದೆ ವಿಮಾನಕ್ಕೇ ಕಾದಿದ್ದರೆ ಅದೂ ಇರುತ್ತಿರಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿ ಸೋಮವಾರ ಅಂದದ್ದೂ ಅಷ್ಟೇ ಮುಖ್ಯ. ಒಬ್ಬ ಗಿರಾಕಿಯೂ ಮುಂದಿನ ವರ್ಷಕ್ಕೆ ಕೈಬಿಡಲಿಲ್ಲ, ಶಿವಮೊಗ್ಗದ ಆ ಇಬ್ಬರೂ ಸಹ.

ಖರ್ಚಿನ ಮಾತು. ಡ್ರೈವ್‌ನ ಬೆಲೆ, ಸುಂಕ ಬಿಟ್ಟರೆ ಸಾಗಣೆಗೆ ಆದದ್ದು, ಹುಡುಗನೇ ಬಂದಿದ್ದರೆ ಆಗುತ್ತಿದ್ದ ವಿಮಾನ ಟಿಕೆಟ್ಟಿಗಿಂತ ಕಡಿಮೆ. ಇದು ಹೆಚ್ಚಿನವರಿಗೆ ಆಶ್ಚರ್ಯ. ತುರ್ತು ಅಂದ ಕೂಡಲೇ ಯಾರನ್ನಾದರೂ ಹತ್ತಿಸಿ ಕಳಿಸೋಣ ಅನಿಸುತ್ತದೆ. ಮನುಷ್ಯ ಬೇಗ ಬರುತ್ತಾನೆ, ಅವನ ಕೈಯಲ್ಲಿರುವ ವ್ಯಾಪಾರದ ಸರಕು ಬರುತ್ತದೆ ಅಂತೇನಿಲ್ಲ.

ದೂರದ ಕ್ಯಾಲ್ಕುಲೇಟರ್ ಬಳಸಲೇಬಾರದು ಅಂತ ನಾನು ಹೇಳುವುದಿಲ್ಲ. ಎರಡು ದಾರಿಗಳನ್ನು ಹೋಲಿಸಲು ಅದು ಒಳ್ಳೆಯದು. ದುಬೈ ದಾರಿ ಬರೀ 140 ಕಿಲೋಮೀಟರ್ ಸುತ್ತು ಅಂತ ಗೊತ್ತಾಗಿದ್ದರಿಂದಲೇ ಅದನ್ನು ಗಂಭೀರವಾಗಿ ನೋಡಿದೆವು. ಯಾರಾದರೂ ಏಜೆಂಟ್ ಹನ್ನೆರಡು ಗಂಟೆ ಹಾರಾಟ ಅಂತ ಹೇಳಿದರೆ ಇದು ಸಾಧ್ಯವೇ ಇಲ್ಲ, ಎಲ್ಲೋ ನಿಲ್ಲುತ್ತದೆ ಅಂತ ಹಿಡಿಯಲೂ ಸಾಕು. ಮಾತು ಕೊಡಲು ಮಾತ್ರ ಸಾಲದು. ಮಾತು ಕೊಡುವ ಮೊದಲು ಹಿಂದಿನಿಂದ ಎಣಿಸಬೇಕು: ಸರಕು ಇಲ್ಲಿ ಬೇಕಾದ್ದು ಯಾವಾಗ, ಅದಕ್ಕೆ ಕಸ್ಟಮ್ಸ್‌ನಿಂದ ಯಾವಾಗ ಹೊರಬರಬೇಕು, ಅದಕ್ಕೆ ಯಾವ ವಿಮಾನ, ಆ ವಿಮಾನಕ್ಕೆ ಸರಕು ಒಪ್ಪಿಸುವ ಕೊನೆಯ ಗಂಟೆ ಯಾವುದು. ಈ ಕೊನೆಯ ಗಂಟೆ ಸಿಕ್ಕರೆ ಉಳಿದ ಅರ್ಧ ವಾದ ತಾನೇ ಮುಗಿಯುತ್ತದೆ.

ನವೆಂಬರಿನಲ್ಲಿ ಅವರು ಉಳಿದಿದ್ದ ಇನ್ನೊಂದು ಡ್ರೈವ್ ಕೂಡ ತರಿಸಿಕೊಂಡರು. ಅವಸರ ಇರಲಿಲ್ಲ, ಬೇರೆ ಸರಕಿನ ಜೊತೆ ಸೇರಿಸಿ ಕಡಿಮೆ ದರದ ಕಾರ್ಗೋದಲ್ಲಿ ಹಾಕಿಸಿದೆ. ಈ ಸಲ ಮಗ ಗಂಟೆಯ ಲೆಕ್ಕ ಕೇಳಲಿಲ್ಲ. ಏಜೆಂಟರು ಶುಕ್ರವಾರ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ ಅಂತ ಕೇಳಿದ.